ತಂಡದ ನೆನಪು ಯಾರ ಫೋನಿನಲ್ಲಿದೆ?

ಪ್ರತಿ ತಂಡದಲ್ಲೂ ಅಂಥವರೊಬ್ಬರು ಇದ್ದೇ ಇರ್ತಾರೆ. ಹೋದ ವರ್ಷ ಖಾಲಿ ಚೀಲ ತಂದದ್ದು ಯಾವ ಅಂಗಡಿಯಿಂದ, ಲಾರಿಯವನಿಗೆ ಒಪ್ಪಿಕೊಂಡ ಬಾಡಿಗೆ ಎಷ್ಟು, ನೋಂದಣಿ ಪಟ್ಟಿಯ ಕೊನೆಯ ಪ್ರತಿ ಎಲ್ಲಿದೆ ಅಂತ ಏನೇ ಕೇಳಿ, ಉಳಿದವರ ಉತ್ತರ ಒಂದೇ: ‘ಅವನಿಗಿ ಕೇಳ್ರಿ, ಅವನ ಫೋನಿನ್ಯಾಗ ಅದ.’ ಒಂದು ದಿನ ಅವನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ. ಎಲ್ಲರೂ ಪೇಢೆ ತಿಂದು, ಖುಷಿಯಿಂದ ಬಸ್ ಹತ್ತಿಸಿ ಬರ್ತಾರೆ. ಮುಂದಿನ ವಾರ ಪಟ್ಟಿ ಬೇಕಾದಾಗ ಗೊತ್ತಾಗುತ್ತದೆ, ಹುಡುಗನ ಜೊತೆ ತಂಡದ ನೆನಪೂ ಬಸ್ ಹತ್ತಿದೆ ಅಂತ.

ಆಳಂದ ತಾಲ್ಲೂಕಿನ ಖಜೂರಿಯಂಥ ಊರಿಗೆ ಇದು ಸಣ್ಣ ಮಾತಲ್ಲ. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ. ಓದಿದ ಹುಡುಗ ಹುಡುಗಿಯರು ಪುಣೆ, ಮುಂಬೈ, ಬೆಂಗಳೂರು ಅಂತ ಹೋಗೋದು ಮಾಮೂಲು. ಊರಲ್ಲಿ ಯಾವ ತಂಡ ಕಟ್ಟಿದರೂ, ಎರಡು ವರ್ಷಕ್ಕೆ ಅರ್ಧ ಮುಖ ಬದಲಾಗಿರುತ್ತದೆ. ಹೋಗುವವರನ್ನು ತಡೆಯಲು ಆಗದು, ತಡೆಯಲೂಬಾರದು. ಆದರೆ ಅವರು ಕಲಿತದ್ದು, ಮಾಡಿದ್ದು, ಮಾತು ಕೊಟ್ಟದ್ದು ಊರಲ್ಲೇ ಉಳಿಯಬೇಕು.

ಈ ಅಂಕಣ ಓದುವ ನಿಮ್ಮಲ್ಲಿ ಬಹಳ ಜನ ಆಫೀಸಿನಲ್ಲಿ ದಿನವೂ ಸ್ಲ್ಯಾಕ್ ಅಥವಾ ಟೀಮ್ಸ್ ತೆರೆಯುವವರೇ. ಹಾಗಾಗಿ ಒಂದಲ್ಲ ಒಂದು ಭಾನುವಾರ ಊರಿನಿಂದ ಫೋನ್ ಬರುತ್ತದೆ: ‘ನಿಮ್ಮ ಆಫೀಸಿನ್ಯಾಗ ಅದ ಅಲಾ, ಅಂಥಾದ್ದೊಂದು ನಮಗೂ ಮಾಡಿ ಕೊಡಪಾ.’ ಆ್ಯಪ್ ಹಾಕಿಕೊಡುವುದು ಹತ್ತು ನಿಮಿಷದ ಕೆಲಸ. ಅದು ಆರು ತಿಂಗಳ ನಂತರವೂ ಬಳಕೆಯಲ್ಲಿ ಇರುವಂತೆ ಮಾಡುವುದು ಬೇರೆಯೇ ಕೆಲಸ. ಈ ವಾರ ಆ ಎರಡನೇ ಕೆಲಸದ ಬಗ್ಗೆ ಮಾತಾಡೋಣ.

ಒಂದು ತಂಡ ಇಟ್ಕೊಳ್ಳೋಣ

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಕೊಳ್ಳೋಣ: ಖಜೂರಿ ಸೀಮೆಯ ಒಂದು ರೈತ ಉತ್ಪಾದಕ ಕಂಪನಿ. ಕೇಂದ್ರ ಸರ್ಕಾರ 2020ರಲ್ಲಿ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ ಶುರು ಮಾಡಿದ ಮೇಲೆ ಇಂಥ ಕಂಪನಿಗಳು ಹಳ್ಳಿ ಕಡೆ ಹೊಸ ಮಾತೇನಲ್ಲ. ಆ ಯೋಜನೆಯಲ್ಲಿ ಬಯಲು ಸೀಮೆಗೆ ಕನಿಷ್ಠ 300 ರೈತರು ಸದಸ್ಯರಾಗಿರಬೇಕು. ಸದಸ್ಯರು ನೂರಾರು ಇದ್ದರೂ ದಿನದ ಕೆಲಸ ಓಡಿಸುವವರು ಏಳೆಂಟು ಜನ ಮಾತ್ರ. ಒಬ್ಬ ಕಾರ್ಯನಿರ್ವಾಹಕ ಅಧಿಕಾರಿ, ಒಬ್ಬ ಲೆಕ್ಕದವರು, ಒಬ್ಬ ಕಂಪ್ಯೂಟರ್ ಆಪರೇಟರ್, ಹೊಲ ತಿರುಗುವ ಇಬ್ಬರು, ಗೋದಾಮು ನೋಡಿಕೊಳ್ಳುವ ಒಬ್ಬರು, ಬೆಂಗಳೂರಲ್ಲಿ ಕೂತು ಬೇಳೆ ಮಾರಾಟಕ್ಕೆ ಓಡಾಡುವ ಒಬ್ಬಾಕೆ, ಪುಣೆಯಿಂದ ವೆಬ್‌ಸೈಟ್ ನೋಡುವ ಒಬ್ಬ ಗೆಳೆಯ.

ಬೆಳೆ ಯಾವುದು ಅಂತ ಹೇಳಬೇಕಿಲ್ಲ. ಕಲಬುರಗಿ ಜಿಲ್ಲೆ ಅಂದ್ರೆ ತೊಗರಿ. ಇಲ್ಲಿನ ಬೇಳೆಗೆ 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಜೂನ್–ಜುಲೈನಲ್ಲಿ ಬಿತ್ತನೆ, ಡಿಸೆಂಬರ್–ಜನವರಿಯಲ್ಲಿ ರಾಶಿ. ಆಮೇಲೆ ಬೆಂಬಲ ಬೆಲೆ ಖರೀದಿ ಕೇಂದ್ರದ ಗಡಿಬಿಡಿ. ರೈತರ ಎಫ್‌ಐಡಿ ನಂಬರ್, ಆಧಾರ್, ಬ್ಯಾಂಕ್ ಖಾತೆ ಎಲ್ಲ ಸರಿ ಇದ್ದರಷ್ಟೇ ನೋಂದಣಿ. 2024–25ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, 2025–26ಕ್ಕೆ 8,000 ಆಯಿತು. ನೋಂದಣಿಯ ಕೊನೇ ದಿನ ತಪ್ಪಿಸಿಕೊಂಡವನಿಗೆ ಪೇಟೆಯಲ್ಲಿ ಸಿಕ್ಕಷ್ಟೇ ಬೆಲೆ.

ಇನ್ನೊಂದು ಗಡುವು ಇದಕ್ಕಿಂತ ಕಟ್ಟುನಿಟ್ಟು. ಫಸಲ್ ಬಿಮಾ ಯೋಜನೆಯಲ್ಲಿ ಹೊಲಕ್ಕೆ ನೀರು ನುಗ್ಗಿ ಬೆಳೆ ಮುಳುಗಿದರೆ, ಅಥವಾ ಕೊಯ್ದು ಹೊಲದಲ್ಲಿ ಒಣಗಲು ಹಾಕಿದ್ದು ಅಕಾಲಿಕ ಮಳೆಗೆ ಸಿಕ್ಕರೆ, 72 ಗಂಟೆಯೊಳಗೆ ತಿಳಿಸಬೇಕು. ಮೂರು ದಿನ, ಅಷ್ಟೇ. ಶುಕ್ರವಾರ ರಾತ್ರಿ ಮಳೆ ಬಿತ್ತು, ಶನಿವಾರ ಯಾರೋ ಗುಂಪಿನಲ್ಲಿ ಫೋಟೊ ಹಾಕಿದರು, ‘ಆಪರೇಟರ್ ನೋಡ್ತಾನ’ ಅಂತ ಎಲ್ಲರೂ ಅಂದುಕೊಂಡರು, ಅವನು ಮಂಗಳವಾರ ನೋಡಿದ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಒಂದು ಮೆಸೇಜ್ ಯಾವ ಜಾಗಕ್ಕೆ ಹೋಗಬೇಕು, ಅದನ್ನು ಯಾರು ಎತ್ತಿಕೊಳ್ಳಬೇಕು ಅನ್ನುವ ಪ್ರಶ್ನೆ ಎಷ್ಟು ದೊಡ್ಡದು ಅನ್ನೋದು ಆಗ ಅರ್ಥ ಆಗುತ್ತದೆ.

ವಾಟ್ಸಾಪ್ ಇದೆಯಲ್ಲ, ಸಾಲದೇ?

ನ್ಯಾಯವಾದ ಪ್ರಶ್ನೆ. ವಾಟ್ಸಾಪ್ ಎಲ್ಲರ ಫೋನಿನಲ್ಲೂ ಇದೆ, ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ, ಕಡಿಮೆ ನೆಟ್‌ವರ್ಕ್‌ನಲ್ಲೂ ಮೆಸೇಜ್ ಹೋಗುತ್ತದೆ. 2022ರಿಂದ ಒಂದು ಗುಂಪಿನಲ್ಲಿ 1,024 ಜನರನ್ನು ಸೇರಿಸಬಹುದು. ಹಾಗಾಗಿ ನೂರಾರು ರೈತರಿಗೆ ‘ನಾಳೆ ನೋಂದಣಿ ಶುರು’ ಅಂತ ಹೇಳಲು ಅದೇ ಸರಿ. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಮಾಡಿ, ಅದನ್ನು ಹಾಗೇ ಉಳಿಸಿಕೊಳ್ಳಿ. ರೈತರನ್ನು ಹೊಸ ಆ್ಯಪ್‌ಗೆ ಎಳೆಯುವ ಉಸಾಬರಿಗೆ ಹೋಗಬೇಡಿ.

ಆದರೆ ತಂಡದ ಒಳಗಿನ ಕೆಲಸಕ್ಕೆ ಅದು ಸೋಲುವುದು ಮೂರು ಕಡೆ. ಮೊದಲನೆಯದು, ಎಲ್ಲ ವಿಷಯ ಒಂದೇ ಸಾಲಿನಲ್ಲಿ ಹರಿಯುತ್ತದೆ. ಬಿಮಾ ಫೋಟೊದ ಮೇಲೆ ಹುಟ್ಟುಹಬ್ಬದ ಶುಭಾಶಯ, ಅದರ ಮೇಲೆ ಲಾರಿ ನಂಬರ್, ಅದರ ಮೇಲೆ ಸುಪ್ರಭಾತದ ಹೂವು. ಎರಡನೆಯದು, ಇವತ್ತು ಸೇರಿದವರಿಗೆ ಗುಂಪಿನ ಹಳೇ ಮಾತು ಪೂರ್ತಿ ಸಿಗುವುದಿಲ್ಲ. ಮೂರನೆಯದು, ಮಾತು ಮತ್ತು ಫೋಟೊ ಇರುವುದು ಆಯಾ ಜನರ ಫೋನಿನಲ್ಲಿ. ಫೋನ್ ಒಡೆದರೆ, ಜಾಗ ತುಂಬಿತು ಅಂತ ಅಳಿಸಿದರೆ, ಮನುಷ್ಯ ಊರು ಬಿಟ್ಟರೆ, ಅಷ್ಟು ಭಾಗ ಹೋಯಿತು.

ಸಂತೆಗೆ ಹೋಗಿದ್ದೀರಲ್ಲ? ಬಟ್ಟೆ ಸಾಲು ಬೇರೆ, ಕಾಯಿಪಲ್ಯದ ಸಾಲು ಬೇರೆ, ಭಾಂಡೆ ಸಾಲು ಬೇರೆ. ಬೋರ್ಡು ಹಾಕದಿದ್ದರೂ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ ಅಂತ ಊರಿಗೆಲ್ಲ ಗೊತ್ತು. ತಂಡದ ಮಾತಿಗೆ ಬೇಕಿರುವುದು ಅಂಥ ಸಾಲುಗಳು. ಸ್ಲ್ಯಾಕ್ ಥರದ ಜಾಗದಲ್ಲಿ ಅದಕ್ಕೆ ‘ಚಾನೆಲ್’ ಅಂತಾರೆ, ಅಷ್ಟೇ.

ಸೋತ ಆಟದಿಂದ ಬಂದ ಉಪಕರಣ

ಸ್ಲ್ಯಾಕ್ ಹುಟ್ಟಿದ ಕಥೆ ನಮ್ಮ ತಂಡಕ್ಕೂ ಹತ್ತಿರದ್ದು. ಸ್ಟುವರ್ಟ್ ಬಟರ್‌ಫೀಲ್ಡ್ ಮತ್ತು ಗೆಳೆಯರ ಟೈನಿ ಸ್ಪೆಕ್ ಕಂಪನಿ ‘ಗ್ಲಿಚ್’ ಅನ್ನುವ ಆನ್‌ಲೈನ್ ಆಟ ಮಾಡುತ್ತಿತ್ತು. ತಂಡದವರು ಒಂದೇ ಊರಲ್ಲಿ ಇರಲಿಲ್ಲ. ವ್ಯಾಂಕೂವರ್, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ಅಂತ ಚದುರಿದ್ದರು. 1988ರಲ್ಲಿ ಹುಟ್ಟಿದ ಐಆರ್‌ಸಿ ಅನ್ನುವ ಹಳೇ ಚಾಟ್ ವ್ಯವಸ್ಥೆ ಬಳಸುತ್ತಿದ್ದರು. ಅದರಲ್ಲಿ ಹೊರಗಿದ್ದವರಿಗೆ ಹಿಂದಿನ ಮಾತು ಸಿಗುತ್ತಿರಲಿಲ್ಲ. ಹಾಗಾಗಿ ಮಾತು ಉಳಿಯುವಂತೆ, ಹುಡುಕಿದರೆ ಸಿಗುವಂತೆ ತಮಗೆ ತಾವೇ ಒಂದೊಂದೇ ಸೌಲಭ್ಯ ಸೇರಿಸಿಕೊಂಡರು. ಆಟ ಓಡಲಿಲ್ಲ, 2012ರ ಕೊನೆಗೆ ಮುಚ್ಚಿತು. ಉಳಿದದ್ದು ಆ ಚಾಟ್ ಉಪಕರಣ. ಅದೇ 2013ರಲ್ಲಿ ಸ್ಲ್ಯಾಕ್ ಆಗಿ ಹೊರಬಂತು. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 27.7 ಬಿಲಿಯನ್ ಡಾಲರ್‌ಗೆ ಕೊಂಡಿತು.

ಸ್ಲ್ಯಾಕ್ ಅನ್ನುವ ಹೆಸರನ್ನು ಬಿಡಿಸಿದರೆ ‘ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ ಹುಡುಕಬಹುದಾದ ದಾಖಲೆ’ ಅಂತ ಅರ್ಥ ಬರುತ್ತದೆ. ಒತ್ತು ಬಿದ್ದಿರುವುದು ‘ಹುಡುಕಬಹುದಾದ’ ಅನ್ನುವ ಪದದ ಮೇಲೆ. ಮೆಸೇಜ್ ಬೇಗ ಕಳಿಸುವ ಸಾಧನ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ. ಆರು ತಿಂಗಳ ಹಿಂದಿನ ಮಾತನ್ನು ಹೊಸ ಮನುಷ್ಯ ತಾನೇ ಹುಡುಕಿಕೊಳ್ಳುವ ಜಾಗ ಮಾತ್ರ ಇಲ್ಲ.

ಯಾವ ಆ್ಯಪ್? ತೊಗರಿ ಲೆಕ್ಕ ಹಾಕಿ

ಇಲ್ಲೊಂದು ಎಡವಟ್ಟು ಇದೆ, ಸರಿಯಾಗಿ ಕೇಳಿಸ್ಕೊಳ್ಳಿ. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 90 ದಿನದ ಹಿಂದಿನ ಮಾತು ಮಾತ್ರ ಕಾಣುತ್ತದೆ. ಒಂದು ವರ್ಷ ದಾಟಿದ್ದನ್ನು ಅಳಿಸಿಯೇ ಬಿಡುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ತಂಡಕ್ಕೆ ಮೂರು ತಿಂಗಳು ಸಾಕಾಗಬಹುದು. ತೊಗರಿಗೆ? ಜೂನ್‌ನಲ್ಲಿ ಬಿತ್ತಿದ್ದು ಜನವರಿಗೆ ಕೈಗೆ ಬರುತ್ತದೆ. ಯಾವ ರೈತನಿಗೆ ಯಾವ ತಳಿಯ ಬೀಜ ಕೊಟ್ಟೆವು ಅಂತ ಬಿತ್ತನೆ ಹೊತ್ತಿನಲ್ಲಿ ಬರೆದದ್ದು ರಾಶಿ ಹೊತ್ತಿಗೆ ಮಾಯ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ದೊಡ್ಡ ಪ್ರಮಾಣದಲ್ಲಿ ಬಡಿದಾಗ ಎಲ್ಲರೂ ಕೇಳಿದ್ದು ಅಂಥದ್ದೇ ಪ್ರಶ್ನೆ: ಯಾವ ಹೊಲ, ಯಾವ ಬೀಜ, ಹೋದ ವರ್ಷ ಅಲ್ಲಿ ಏನಿತ್ತು? ಉತ್ತರ ಬೇಕಾದರೆ ನೆನಪು ಒಂದು ಬೆಳೆಗಿಂತ ಉದ್ದ ಇರಬೇಕು.

ನಮ್ಮ ಕಡೆ ಹಿಂದೆ ಕಾಳು ಕಾಪಿಡಲು ಹಗೇವು ತೋಡುತ್ತಿದ್ದರು. ಮೂರು ತಿಂಗಳಿಗೆ ತಳ ಕಳಚುವ ಹಗೇವಿನಲ್ಲಿ ಯಾರಾದರೂ ಕಾಳು ತುಂಬುತ್ತಾರಾ?

ಹಾಗಾದರೆ ದಾರಿ ಏನು? ಮೂರು ಇವೆ. ಒಂದು, ತಲೆಗೆ ಇಷ್ಟು ಅಂತ ತಿಂಗಳ ಹಣ ಕಟ್ಟಿ ಸ್ಲ್ಯಾಕ್ ಬಳಸುವುದು. ಎಂಟು ಜನರಿಗೆ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಆಡಳಿತ ಮಂಡಳಿಯ ಮುಂದೆ ಇಡಿ. ಎರಡು, ಜೂಲಿಪ್‌ನಂಥ ಮುಕ್ತ ತಂತ್ರಾಂಶ. ಅದರ ಉಚಿತ ಕ್ಲೌಡ್ ಯೋಜನೆಯಲ್ಲಿ ಕೊನೆಯ 10,000 ಮೆಸೇಜ್ ಹುಡುಕಲು ಸಿಗುತ್ತವೆ. ದಿನಕ್ಕೆ 40 ಮೆಸೇಜ್ ಅಂದರೆ 250 ದಿನ, ಅಂದರೆ ಬಿತ್ತನೆಯಿಂದ ರಾಶಿ ದಾಟಿ ಒಂದಿಷ್ಟು ಉಳಿಯಿತು. ಸ್ವಂತ ಸರ್ವರ್ ನೋಡಿಕೊಳ್ಳುವ ಗೆಳೆಯರಿದ್ದರೆ ಆ ಮಿತಿಯೂ ಇಲ್ಲ. ಪ್ರತಿ ಮಾತಿಗೂ ಒಂದು ವಿಷಯದ ತಲೆಬರಹ ಕೊಡುವ ಪದ್ಧತಿ ಅದರಲ್ಲಿದೆ. ಶುರುವಿಗೆ ಕಿರಿಕಿರಿ, ಆಮೇಲೆ ವರದಾನ. ಮೂರು, ಈಗಾಗಲೇ ಕೈಯಲ್ಲಿರುವುದು. ಜಿಮೇಲ್ ಇದ್ದವರಿಗೆ ಗೂಗಲ್ ಚಾಟ್‌ನ ಸ್ಪೇಸ್‌ಗಳು, ಮೈಕ್ರೋಸಾಫ್ಟ್ ಬಳಸುವ ಕಡೆ ಟೀಮ್ಸ್, ಲೆಕ್ಕಕ್ಕೆ ಚೆನ್ನೈನ ಜೋಹೋ ಬಳಸುವ ಕಡೆ ಅವರದೇ ಕ್ಲಿಕ್. ಯೋಜನೆಗಳ ದರ, ಮಿತಿ ಆಗಾಗ ಬದಲಾಗುತ್ತವೆ. ಸೇರುವ ದಿನ ಒಮ್ಮೆ ಓದಿಕೊಳ್ಳಿ, ಅದರಲ್ಲೂ ‘ಹಳೇ ಮೆಸೇಜ್ ಎಷ್ಟು ದಿನ’ ಅನ್ನುವ ಸಾಲನ್ನು.

ಆ್ಯಪ್ ಯಾವುದೇ ಇರಲಿ, ಮುಂದೆ ಹೇಳುವ ಕೆಲಸ ಎಲ್ಲಕ್ಕೂ ಒಂದೇ.

ಮೊದಲು ಹಾಳೆ, ಆಮೇಲೆ ಆ್ಯಪ್

ಆ್ಯಪ್ ತೆರೆಯುವ ಮೊದಲು ಈಗಿರುವ ವಾಟ್ಸಾಪ್ ಗುಂಪಿನ ಒಂದು ವಾರದ ಮೆಸೇಜ್ ಓದಿ. ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ: ಹೊಲದ ಸುದ್ದಿ ಎಷ್ಟು, ನೋಂದಣಿ ಎಷ್ಟು, ಚೀಲ–ಲಾರಿ ಎಷ್ಟು, ದುಡ್ಡಿನ ಮಾತು ಎಷ್ಟು, ಬರೀ ಹರಟೆ ಎಷ್ಟು. ಯಾವುದಕ್ಕೆ ಗೀಟು ಜಾಸ್ತಿ ಬೀಳುತ್ತದೋ ಅದಕ್ಕೊಂದು ಚಾನೆಲ್. ಹಾಳೆಯಲ್ಲಿ ಗೀಟು ಬೀಳದ ವಿಷಯಕ್ಕೆ ಚಾನೆಲ್ ಬೇಡ.

ನಮ್ಮ ಉದಾಹರಣೆಯ ತಂಡಕ್ಕೆ ಆರು ಸಾಕು.

ಪಡಸಾಲಿ: ಎಲ್ಲರೂ ಇರುತ್ತಾರೆ. ಎಲ್ಲರಿಗೂ ಗೊತ್ತಾಗಬೇಕಾದ ಸುದ್ದಿ ಮಾತ್ರ. ಸಭೆಯ ದಿನ, ರಜೆ, ಹೊಸಬರ ಪರಿಚಯ.

ಬೆಳೆ–ಹೊಲ: ಹೊಲ ತಿರುಗುವವರ ವರದಿ. ಊರು, ರೈತರ ಸದಸ್ಯತ್ವ ನಂಬರ್, ತಾರೀಖು, ಬೆಳೆಯ ಹಂತ, ಫೋಟೊ. ಪ್ರತಿ ವರದಿಯೂ ಇದೇ ಕ್ರಮದಲ್ಲಿ.

ಖರೀದಿ–ನೋಂದಣಿ: ಗಡುವು, ಪಟ್ಟಿ, ಕೊರತೆ ಇರುವ ಕಾಗದ.

ಗೋದಾಮು: ಚೀಲ, ತೂಕ, ಲಾರಿ, ಮಿಲ್ಲು.

ಲೆಕ್ಕ: ಖಾಸಗಿ ಚಾನೆಲ್. ಲೆಕ್ಕದವರು, ಅಧಿಕಾರಿ, ಸಂಬಂಧಪಟ್ಟ ನಿರ್ದೇಶಕರು ಮಾತ್ರ.

ಕಟ್ಟೆ: ಜಾತ್ರೆ, ಕ್ರಿಕೆಟ್, ಮದುವೆ ಪತ್ರಿಕೆ, ಸುಪ್ರಭಾತದ ಹೂವು ಎಲ್ಲಾ ಇಲ್ಲಿ. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಹರಟೆಗೆ ಜಾಗ ಕೊಡದಿದ್ದರೆ ಅದು ನೋಂದಣಿ ಚಾನೆಲ್ಲಿಗೇ ಬಂದು ಕೂರುತ್ತದೆ.

ಇಲ್ಲಿ ನಗರದಿಂದ ಹೋಗುವ ನಿಮಗೊಂದು ಮಾತು. ಆಫೀಸಿನಲ್ಲಿ ನೂರು ಚಾನೆಲ್ ನೋಡಿ ಅಭ್ಯಾಸ ಆಗಿರುತ್ತದೆ, ಇಲ್ಲಿಯೂ ಮೊದಲ ದಿನವೇ ಇಪ್ಪತ್ತು ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಖಾಲಿ ಚಾನೆಲ್ ಅಂದರೆ ಖಾಲಿ ಮನೆ ಇದ್ದ ಹಾಗೆ, ಯಾರೂ ಒಳಗೆ ಕಾಲಿಡುವುದಿಲ್ಲ. ಒಂದು ಚಾನೆಲ್ಲಿನಲ್ಲಿ ಎರಡು ವಿಷಯ ದಿನವೂ ಗುದ್ದಾಡಲು ಶುರು ಮಾಡಿದಾಗ ಮಾತ್ರ ಒಡೆಯಿರಿ.

ನಾಲ್ಕು ಪದ್ಧತಿ

ನಿಯಮಾವಳಿ ಅಂತ ಮೂರು ಪುಟ ಬರೆದರೆ ಯಾರೂ ಓದಲ್ಲ. ನಾಲ್ಕು ಪದ್ಧತಿ ಬಿದ್ದರೆ ಸಾಕು.

ಮೊದಲನೆಯದು, ಉತ್ತರ ಮಾತಿನ ಕೆಳಗೇ. ಯಾರಾದರೂ ‘ಮಳೆಗೆ ಕೊಯ್ದ ತೊಗರಿ ತೊಯ್ದಿದೆ’ ಅಂತ ಹಾಕಿದರೆ, ಅದರ ಬಗ್ಗೆ ಎಲ್ಲ ಮಾತು ಅದರ ಕೆಳಗಿನ ಎಳೆಯಲ್ಲೇ, ಅಂದರೆ ಥ್ರೆಡ್‌ನಲ್ಲೇ ಆಗಬೇಕು. ಎತ್ತಿಕೊಂಡವರು ಕಣ್ಣಿನ ಗುರುತು ಹಾಕಲಿ: ‘ನಾ ನೋಡ್ಕೋತೀನಿ’ ಅಂತ ಅರ್ಥ. ಕೆಲಸ ಮುಗಿದಾಗ ಟಿಕ್ ಗುರುತು. ಕಣ್ಣು ಬೀಳದ ಮೆಸೇಜ್ ಅಂದರೆ ಯಾರೂ ಹೊಣೆ ಹೊತ್ತಿಲ್ಲ. ದಿನ ಸಂಜೆ ಒಬ್ಬರು ಅಂಥವನ್ನು ಹುಡುಕಿ ನೋಡಬೇಕು. 72 ಗಂಟೆಯ ಗಡುವನ್ನು ಕಾಯುವುದು ಆ್ಯಪ್ ಅಲ್ಲ, ಈ ಕಣ್ಣು ಮತ್ತು ಟಿಕ್ಕಿನ ಪದ್ಧತಿ.

ಎರಡನೆಯದು, ‘ತೀರ್ಮಾನ’ ಅನ್ನುವ ಪದ. ಚರ್ಚೆ ಐವತ್ತು ಮೆಸೇಜ್ ಆಗಲಿ, ಕೊನೆಗೆ ಒಬ್ಬರು ಒಂದು ಸಾಲು ಬರೆಯಬೇಕು: ‘ತೀರ್ಮಾನ: ಈ ಸಲ ಚೀಲ ಆಳಂದದಲ್ಲೇ ಕೊಳ್ಳುವುದು, ಹೊಣೆ ಗೋದಾಮಿನವರದು, ಶುಕ್ರವಾರದೊಳಗೆ.’ ಮುಂದೆ ಯಾರೇ ಆಗಲಿ ‘ತೀರ್ಮಾನ’ ಅಂತ ಹುಡುಕಿದರೆ ತಂಡದ ಇಡೀ ಇತಿಹಾಸ ಸಾಲಾಗಿ ಬರುತ್ತದೆ. ಫೋನಿನಲ್ಲಿ ಆದ ಮಾತಿಗೂ ಇದೇ ನಿಯಮ. ಕರೆ ಇಟ್ಟ ಮೇಲೆ ಎರಡು ಸಾಲು ಬರೆಯದಿದ್ದರೆ ಆ ಮಾತು ಆಡಿಯೇ ಇಲ್ಲ ಅಂತ ಲೆಕ್ಕ. ಆದರೆ ನೆನಪಿರಲಿ, ಚಾಟಿನ ತೀರ್ಮಾನ ಠರಾವು ಅಲ್ಲ. ನಿರ್ದೇಶಕರ ಮಂಡಳಿಯ ಠರಾವು ನಡಾವಳಿ ಪುಸ್ತಕದಲ್ಲೇ ಇರಬೇಕು, ಅದು ಕಂಪನಿ ಕಾಯ್ದೆಯ ಮಾತು.

ಮೂರನೆಯದು, ಕಾಗುಣಿತದ ಒಪ್ಪಂದ. ಇದನ್ನು ಇಂಗ್ಲಿಷ್‌ನಲ್ಲಿ ಬರೆದ ಯಾವ ಮಾರ್ಗದರ್ಶಿಯೂ ನಿಮಗೆ ಹೇಳಿಕೊಡಲ್ಲ. ಒಬ್ಬರು ಕನ್ನಡ ಅಕ್ಷರದಲ್ಲಿ ತೊಗರಿ ಅಂತ ಬರೀತಾರೆ. ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಟಿ ಹಾಕಿ ಶುರು ಮಾಡ್ತಾರೆ, ಮತ್ತೊಬ್ಬರು ಟಿ ಜೊತೆ ಎಚ್ ಸೇರಿಸ್ತಾರೆ. ಗಡಿ ಆಚೆಯ ವ್ಯಾಪಾರಿಗಳ ಜೊತೆ ಮಾತಾಡುವವರು ತೂರ್ ಅಂತಾರೆ. ನಾಲ್ಕು ಥರ ಬರೆದ ಒಂದೇ ಬೆಳೆ, ಹುಡುಕಿದರೆ ನಾಲ್ಕನೇ ಒಂದು ಪಾಲು ಮಾತ್ರ ಸಿಗುತ್ತದೆ. ಊರಿನ ಹೆಸರಿಗೂ ಇದೇ ಗತಿ. ಹಾಗಾಗಿ ಇಪ್ಪತ್ತು ಪದದ ಪಟ್ಟಿ ಮಾಡಿ ಪಡಸಾಲಿಯಲ್ಲಿ ಪಿನ್ ಮಾಡಿ: ಬೆಳೆ, ಊರು, ಕೆಲಸದ ಹೆಸರು ಹೀಗೇ ಬರೆಯುವುದು, ಕನ್ನಡ ಅಕ್ಷರದಲ್ಲೇ. ಉಳಿದ ವಾಕ್ಯ ಯಾರಿಗೆ ಹೇಗೆ ಬರುತ್ತದೋ ಹಾಗೆ ಬರೆಯಲಿ.

ನಾಲ್ಕನೆಯದು, ಟೈಪ್ ಮಾಡದವರ ಹಕ್ಕು. ಹೊಲ ತಿರುಗುವವರಲ್ಲಿ ಒಬ್ಬರು ಐವತ್ತು ದಾಟಿದವರು ಅಂದುಕೊಳ್ಳಿ. ಯಾವ ಹೊಲದಲ್ಲಿ ನೀರು ನಿಲ್ಲುತ್ತದೆ, ಕಾಯಿಕೊರಕ ಮೊದಲು ಎಲ್ಲಿ ಬೀಳುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಹೊಸ ಆ್ಯಪ್ ಬಂದ ದಿನದಿಂದ ಅವರು ಸುಮ್ಮನಾಗುತ್ತಾರೆ. ಗುಂಡಿಗಳೆಲ್ಲ ಇಂಗ್ಲಿಷ್, ಬೆರಳು ತಪ್ಪಿದರೆ ಹುಡುಗರ ಮುಂದೆ ನಾಚಿಕೆ. ಅವರ ಮೌನವನ್ನು ಯಾರೂ ಗಮನಿಸುವುದಿಲ್ಲ, ಯಾಕಂದ್ರೆ ಪರದೆ ಮೇಲೆ ಮೌನ ಕಾಣಿಸಲ್ಲ. ಹೊಸ ವ್ಯವಸ್ಥೆ ತರುವಾಗ ಆಗುವ ದೊಡ್ಡ ನಷ್ಟ ಇದು.

ಇದಕ್ಕೆ ಎರಡು ಉಪಾಯ. ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿ, ಮೈಕ್ ಗುಂಡಿ ಒತ್ತಿ ಮಾತಾಡಿದರೆ ಅದು ಅಕ್ಷರ ಆಗುತ್ತದೆ. ನಮ್ಮ ಕಡೆಯ ಮಾತು ಕೆಲವೊಮ್ಮೆ ಅದಕ್ಕೆ ತಿಳಿಯಲ್ಲ, ಆದರೂ ಕೆಲಸ ನಡೆಯುತ್ತದೆ. ಅದೂ ಬೇಡವಾದರೆ ವಾಯ್ಸ್ ಮೆಸೇಜ್ ಹಾಕಲಿ, ಕನ್ನಡ, ಮರಾಠಿ, ದಖನಿ ಯಾವುದಾದರೂ ಸರಿ. ಆದರೆ ಕನ್ನಡದ ಧ್ವನಿಯನ್ನು ಹುಡುಕಿ ತೆಗೆಯಲು ಆಗದು. ಹಾಗಾಗಿ ಆಪರೇಟರ್ ಅದರ ಕೆಳಗೆ ಎರಡು ಸಾಲಿನ ಸಾರಾಂಶ ಬರೆಯಬೇಕು, ಅದು ಅವರ ಕೆಲಸದ ಪಟ್ಟಿಯಲ್ಲೇ ಇರಬೇಕು. ಮೊದಲ ಹದಿನೈದು ದಿನ ಒಬ್ಬ ಹುಡುಗ ಆ ಕಾಕಾರ ಪಕ್ಕ ಕೂತು ಕಲಿಸಲಿ, ಚಹಾ ಕುಡೀತಾ. ಫೋನ್ ಕಸಿದುಕೊಂಡು ‘ಕೊಡ್ರಿ ಇಲ್ಲಿ, ನಾ ಮಾಡ್ತೀನಿ’ ಅನ್ನಬಾರದು.

ಕೀಲಿ ಯಾರ ಕೈಯಲ್ಲಿ?

ಈಗ ಬಹಳ ಜನ ಹಾರಿಸಿಬಿಡುವ ಭಾಗ. ಬೆಂಗಳೂರಿನಲ್ಲಿರುವ ನೀವು ನಿಮ್ಮ ಸ್ವಂತ ಜಿಮೇಲ್‌ನಿಂದ ವರ್ಕ್‌ಸ್ಪೇಸ್ ತೆರೆಯುತ್ತೀರಿ. ಎಲ್ಲರನ್ನೂ ಸೇರಿಸುತ್ತೀರಿ. ಅಡ್ಮಿನ್ ನೀವೊಬ್ಬರೇ. ಮುಂದೆ ನಿಮ್ಮ ಕೆಲಸ, ಮದುವೆ, ಮಗು ಅಂತ ಒಂದು ವರ್ಷ ಕಳೆಯುತ್ತದೆ. ಊರಲ್ಲಿ ಯಾರಾದರೂ ಪಾಸ್‌ವರ್ಡ್ ಮರೆತರೆ, ಹೊಸಬರನ್ನು ಸೇರಿಸಬೇಕಾದರೆ, ಉತ್ತರ ಮತ್ತೆ ಅದೇ: ‘ಅವನಿಗಿ ಕೇಳ್ರಿ.’ ಯಾವ ರೋಗಕ್ಕೆ ಔಷಧ ತಂದಿರೋ ಅದೇ ರೋಗ ನಿಮ್ಮ ಹೆಸರಿನಲ್ಲಿ ವಾಪಸ್.

ಅದಕ್ಕೇ ಹೀಗೆ ಮಾಡಿ. ವರ್ಕ್‌ಸ್ಪೇಸನ್ನು ಕಂಪನಿಯ ಇಮೇಲ್‌ನಿಂದಲೇ ತೆರೆಯಿರಿ, ಯಾರ ಸ್ವಂತದ್ದರಿಂದಲೂ ಬೇಡ. ಆ ಇಮೇಲ್‌ಗೆ ಸೇರಿಸುವ ಮೊಬೈಲ್ ನಂಬರ್ ಕೂಡ ಆಫೀಸಿನದೇ ಇರಲಿ. ಇಬ್ಬರು ಅಡ್ಮಿನ್ ಇರಲಿ, ಇಬ್ಬರಲ್ಲಿ ಒಬ್ಬರಾದರೂ ಊರಲ್ಲೇ ಇರುವವರು. ಎರಡು ಹಂತದ ಪರಿಶೀಲನೆ ಹಾಕಿ, ಅದರ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಲಕೋಟೆಯಲ್ಲಿಟ್ಟು ಆಫೀಸಿನ ತಿಜೋರಿಯಲ್ಲಿ ಇಡಿ. ಕೆಲಸ ಬಿಟ್ಟು ಹೋಗುವವರ ಖಾತೆಯನ್ನು ಹೋದ ದಿನವೇ ನಿಷ್ಕ್ರಿಯ ಮಾಡಿ. ಸ್ಲ್ಯಾಕ್‌ನಲ್ಲಿ ಹಾಗೆ ಮಾಡಿದರೆ ಮನುಷ್ಯ ಹೊರಗೆ ಹೋಗುತ್ತಾರೆ, ಅವರು ಬರೆದದ್ದು ಅಲ್ಲೇ ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ ತಾನೇ?

ನೇರ ಮೆಸೇಜ್ ಬಗ್ಗೆಯೂ ಒಂದು ಮಾತು. ಇಬ್ಬರ ನಡುವಿನ ಖಾಸಗಿ ಮೆಸೇಜ್‌ನಲ್ಲಿ ಕೆಲಸದ ಮಾತು ಆಡಿದರೆ ಅದು ತಂಡದ ನೆನಪಿಗೆ ಸೇರಲ್ಲ. ಕೆಲಸದ ಪ್ರಶ್ನೆ ಚಾನೆಲ್ಲಿನಲ್ಲೇ ಕೇಳಿ. ಒಬ್ಬರಿಗೆ ಬುದ್ಧಿ ಹೇಳಬೇಕಿದ್ದರೆ ಮಾತ್ರ ಖಾಸಗಿಯಾಗಿ, ಆದಷ್ಟೂ ಎದುರಿಗೆ ಕೂತು.

ಇಲ್ಲಿ ಇಡಬಾರದ್ದು

ನೋಂದಣಿ ಕಾಲದಲ್ಲಿ ಎಲ್ಲ ಕಡೆ ನಡೆಯುವ ಒಂದು ಅಭ್ಯಾಸ: ರೈತರ ಆಧಾರ್ ಕಾರ್ಡು, ಪಾಸ್‌ಬುಕ್ಕು ಫೋಟೊ ಹೊಡೆದು ಗುಂಪಿಗೆ ಹಾಕುವುದು. ಎಂಟು ಫೋನಿನ ಗ್ಯಾಲರಿಯಲ್ಲಿ ಮುನ್ನೂರು ರೈತರ ಬ್ಯಾಂಕ್ ಖಾತೆ ಕೂತಿರುತ್ತದೆ. ಅದರಲ್ಲೊಂದು ಫೋನ್ ಬಸ್‌ಸ್ಟ್ಯಾಂಡಿನಲ್ಲಿ ಕಳೆದರೆ? ರೈತರು ನಮ್ಮನ್ನು ನಂಬಿ ಕೊಟ್ಟ ಕಾಗದ ಅದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಕಾಯ್ದೆ ಇರದಿದ್ದರೂ ಇದು ಮರ್ಯಾದೆಯ ಪ್ರಶ್ನೆ.

ಹೊಸ ವರ್ಕ್‌ಸ್ಪೇಸಿಗೆ ಈ ಅಭ್ಯಾಸ ತರಬೇಡಿ. ಕಾಗದಪತ್ರ ಒಂದೇ ಕಡೆ, ಇಬ್ಬರಿಗೆ ಮಾತ್ರ ಅನುಮತಿ ಇರುವ ಫೋಲ್ಡರ್‌ನಲ್ಲಿರಲಿ. ಚಾನೆಲ್ಲಿನಲ್ಲಿ ರೈತರ ಸದಸ್ಯತ್ವ ನಂಬರ್ ಬರೆದರೆ ಸಾಕು. ಆಧಾರ್ ಪ್ರತಿ ಬೇಕೇ ಬೇಕಾದ ಕಡೆ, ನಡೆಯುವುದಾದರೆ ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್ಡ್ ಆಧಾರ್’ ಬಳಸಿ. ಆಧಾರ್ ಪ್ರಾಧಿಕಾರದ ತಾಣದಲ್ಲೇ ಅದು ಸಿಗುತ್ತದೆ.

ಇನ್ನೊಂದು ವಿಷಯ ಎಲ್ಲರಿಗೂ ಮೊದಲ ದಿನವೇ ಹೇಳಿಬಿಡಿ. ವಾಟ್ಸಾಪ್ ಮಾತಿಗೆ ಈ ತುದಿಯಿಂದ ಆ ತುದಿಯವರೆಗೆ ಬೀಗ ಇರುತ್ತದೆ. ಸ್ಲ್ಯಾಕ್, ಟೀಮ್ಸ್‌ನಂಥ ಕಡೆ ಮಾಮೂಲಿ ಚಾಟಿಗೆ ಅಂಥ ಬೀಗ ಇರುವುದಿಲ್ಲ. ಅದು ಆಫೀಸಿನ ಜಾಗ, ಚಾನೆಲ್ಲಿನ ಮಾತನ್ನು ಮಾಲೀಕರು ಹೊರಗೆ ತೆಗೆದಿಟ್ಟುಕೊಳ್ಳಲು ಬರುತ್ತದೆ. ಮನೆಯ ಮಾತು, ಆರೋಗ್ಯದ ಮಾತು ಅಲ್ಲಿ ಬೇಡ.

ರಾತ್ರಿ ಹತ್ತರ ಟಿಂಗ್

ಹೊಸ ಆ್ಯಪ್ ಅಂದರೆ ಬಹಳ ಜನರಿಗೆ ಮೊದಲು ಬರುವ ಭಯ: ‘ಇನ್ನೊಂದು ಕಡೆಯಿಂದಲೂ ಟಿಂಗ್ ಟಿಂಗ್ ಶುರುವಾಯ್ತಲ್ಲ.’ ಸರಿಯಾದ ಭಯವೇ. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ನಡೆಯುತ್ತಿದ್ದಾಗ ಬೆಂಗಳೂರಿನ ಝೆರೋಧಾ ಕಂಪನಿಯ ನಿತಿನ್ ಕಾಮತ್, ಸಂಜೆ 6ರ ನಂತರ ಮತ್ತು ರಜೆಯ ದಿನ ಕೆಲಸದ ಚಾಟ್ ಬೇಡ ಅಂತ ತಮ್ಮವರಿಗೆ ಹೇಳಿದ್ದಾಗಿ ಬಹಿರಂಗವಾಗಿಯೇ ತಿಳಿಸಿದ್ದರು. ಹಣದ ಮಾರುಕಟ್ಟೆಯ ಕಂಪನಿಗೆ ಅದು ಬೇಕು ಅನ್ನಿಸಿದರೆ ನಮ್ಮ ತಂಡಕ್ಕೂ ಬೇಕು.

ಎಲ್ಲರ ಫೋನಿನಲ್ಲೂ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಸದ್ದು ಬರದಂತೆ ಸಮಯ ಹೊಂದಿಸಿ. ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವ ‘ಚಾನೆಲ್’ ಕೂಗನ್ನು ಇಬ್ಬರು ಮಾತ್ರ ಬಳಸಲಿ. ಕಟ್ಟೆಯ ಸದ್ದು ಪೂರ್ತಿ ಬಂದ್. ರಾಶಿ ಕಾಲದಲ್ಲಿ ಹೊತ್ತು ಗೊತ್ತು ನೋಡಲು ಆಗಲ್ಲ, ನಿಜ. ಅದಕ್ಕೆ ಒಂದೇ ನಿಯಮ: ನಿಜವಾದ ತುರ್ತು ಇದ್ದರೆ ಫೋನ್ ಮಾಡಿ. ಮೆಸೇಜ್ ಹಾಕಿದ್ದೇ ತುರ್ತು ಅಲ್ಲ ಅಂತ ಅರ್ಥ. ಈ ಒಪ್ಪಂದ ಆದ ಮೇಲೆ ಹತ್ತು ಗಂಟೆಗೆ ಬಂದ ಮೆಸೇಜಿಗೆ ಯಾರೂ ಎದ್ದು ಕೂರಬೇಕಿಲ್ಲ, ಬರೆದವರೂ ನೆನಪಾದಾಗ ನಿಶ್ಚಿಂತೆಯಿಂದ ಬರೆದಿಡಬಹುದು.

ಒಂದು ತಿಂಗಳ ಪರೀಕ್ಷೆ

ಶುರು ಮಾಡಲು ಒಳ್ಳೇ ಕಾಲ ಯಾವುದು ಅಂದರೆ ಕೆಲಸ ಕಡಿಮೆ ಇರುವಾಗ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಹೊಸ ಆ್ಯಪ್ ಕಲಿಸಲು ಹೋದರೆ ಬೈಸಿಕೊಳ್ತೀರಿ. ಏಪ್ರಿಲ್, ಮೇ ಸರಿ. ಮೊದಲ ವಾರ ಒಂದೇ ಚಾನೆಲ್ಲನ್ನು ಸರಿಸಿ, ಗೋದಾಮು ಇರಲಿ. ಅದು ರೂಢಿಯಾದ ಮೇಲೆ ಉಳಿದವು. ಒಂದು ವಿಷಯ ಹೊಸ ಜಾಗಕ್ಕೆ ಹೋದ ಮೇಲೆ ಅದನ್ನು ಹಳೇ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ, ಅಧಿಕಾರಿಯಿಂದ ಹಿಡಿದು ಎಲ್ಲರೂ ಹೊಸ ಜಾಗದಲ್ಲೇ ಉತ್ತರ ಕೊಡಬೇಕು. ಯಜಮಾನರೇ ಹಳೇ ಗುಂಪಿನಲ್ಲಿ ಆಜ್ಞೆ ಹೊರಡಿಸಿದರೆ ಹೊಸದು ಒಂದು ವಾರವೂ ಬಾಳಲ್ಲ. ಮೂರು ತಿಂಗಳಿಗೊಮ್ಮೆ ‘ತೀರ್ಮಾನ’ ಅಂತ ಹುಡುಕಿ ಬಂದದ್ದನ್ನೆಲ್ಲ ಒಂದು ಕಡತಕ್ಕೆ ಇಳಿಸಿ, ಮುದ್ರಿಸಿ ಫೈಲಿಗೆ ಹಾಕಿ. ಆ್ಯಪ್ ಕಂಪನಿ ನಾಳೆ ನಿಯಮ ಬದಲಿಸಿದರೂ ಹಾಳೆ ಇರುತ್ತದೆ.

ತಿಂಗಳಾದ ಮೇಲೆ ತಂಡಕ್ಕೆ ಕೊನೆಯದಾಗಿ ಸೇರಿದವರನ್ನು ಕರೆದು ಮೂರು ಪ್ರಶ್ನೆ ಕೇಳಿ. ಚೀಲ ಎಲ್ಲಿಂದ ಕೊಳ್ಳುವುದು ಅಂತ ತೀರ್ಮಾನ ಆಗಿದೆ? ಹೋದ ವಾರ ನೀರು ನಿಂತ ಹೊಲಗಳು ಯಾವ ಊರಿನವು? ನೋಂದಣಿಗೆ ಯಾವ ಯಾವ ಕಾಗದ ಬೇಕು? ಯಾರಿಗೂ ಫೋನ್ ಮಾಡುವಂತಿಲ್ಲ, ಪಕ್ಕದವರನ್ನು ಕೇಳುವಂತಿಲ್ಲ. ಐದು ನಿಮಿಷದಲ್ಲಿ ಮೂರಕ್ಕೂ ಉತ್ತರ ಹುಡುಕಿ ತೋರಿಸಿದರೆ ನಿಮ್ಮ ವರ್ಕ್‌ಸ್ಪೇಸ್ ಗೆದ್ದಿತು. ಸಿಗದಿದ್ದರೆ ಹುಡುಕಿದವರನ್ನು ದೂರಬೇಡಿ. ಯಾವ ಮಾತು ತಪ್ಪು ಸಾಲಿನಲ್ಲಿ ಬಿದ್ದಿದೆ, ಯಾವುದನ್ನು ಬರೆಯದೇ ಬಿಟ್ಟಿದ್ದೇವೆ ಅಂತ ನೋಡಿ, ಸರಿಪಡಿಸಿ, ಮುಂದಿನ ತಿಂಗಳು ಮತ್ತೆ ಅದೇ ಪರೀಕ್ಷೆ ಮಾಡಿ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಆ್ಯಪ್ ಹೆಸರು ಹೇಳುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಲು ಹೇಳಿ. ಗೀಟು ಹಾಕುವುದರಿಂದ ಶುರುವಾಗಲಿ.